ಅಕ್ಕಸಾಲಿಗನ ಮೃದಂಗ

“ಗುರುಗಳೇ, ಹೋದ ತಿಂಗಳು ಒಂದು ದಿನ ಧ್ಯಾನಕ್ಕೆ ಕೂತಾಗ ಮನಸ್ಸು ಪೂರ್ತಿ ತಿಳಿಯಾಗಿತ್ತು. ಅಂಥ ನೆಮ್ಮದಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಈಗ ಅದು ಇಲ್ಲ. ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ನಡುವಯಸ್ಸಿನಲ್ಲಿ ಅವನ ಕೈ ನಡುಗತೊಡಗಿತು. ಕೈ ನಡುಗುವವನಿಗೆ ಯಾರು ಚಿನ್ನ ಕೊಡುತ್ತಾರೆ? ಬರುವವರು ಕಡಿಮೆಯಾದರು. ಚಿಂತೆಯಿಂದ ನಿದ್ದೆ ಕೆಟ್ಟಿತು, ನಿದ್ದೆಗೆಟ್ಟು ನಡುಕ ಇನ್ನೂ ಹೆಚ್ಚಿತು. ವೈದ್ಯ ಎಣ್ಣೆ ಹಚ್ಚಿ ನೋಡಿದ, ಕಷಾಯ ಕುಡಿಸಿ ನೋಡಿದ. ಕೊನೆಗೆ, “ನನ್ನ ಹತ್ರ ಇನ್ನೇನೂ ಉಳಿದಿಲ್ಲಪ್ಪ. ದೇವಸ್ಥಾನದಲ್ಲಿ ಮೃದಂಗ ನುಡಿಸ್ತಾರಲ್ಲ, ಆ ವಿದ್ವಾಂಸರ ಹತ್ರ ಹೋಗಿ ಕಲಿ” ಎಂದ.

ಅಕ್ಕಸಾಲಿಗನಿಗೆ ನಗು ಬಂತು. ಆದರೂ ಹೋದ. ವಿದ್ವಾಂಸರು ಮನೆಯಲ್ಲಿ ನುಡಿಸಲು ಒಂದು ಮೃದಂಗ ಕೊಟ್ಟು, ಪಾಠಕ್ಕಿಂತ ಮೊದಲು ಹಿಟ್ಟು ಕಲಸುವುದನ್ನು ಹೇಳಿಕೊಟ್ಟರು. ರವೆಗೆ ನೀರು ಹಾಕಿ ಕಲಸಬೇಕು, ಮೃದಂಗದ ಎಡಮುಖಕ್ಕೆ ಮೆತ್ತಬೇಕು. ಆಗಲೇ ಅದಕ್ಕೆ ತುಂಬು ದನಿ. ನುಡಿಸಿ ಮುಗಿದ ಮೇಲೆ ಹಿಟ್ಟನ್ನು ಕೆರೆದು ಎಸೆಯಬೇಕು. ಮಾರನೆಯ ದಿನ ಮತ್ತೆ ಹೊಸದು.

ಮೊದಮೊದಲು ಅವನ ಒಂದು ಪೆಟ್ಟೂ ಜಾಗಕ್ಕೆ ಬೀಳಲಿಲ್ಲ. ಎರಡು ತಿಂಗಳಿಗೆ ಸರಿಯಾಗಿ ಬೀಳತೊಡಗಿದವು. ತಾಳದ ಎಣಿಕೆಯಲ್ಲಿ ಚಿಂತೆ ಮರೆತುಹೋಯಿತು. ಮೈ ಬೆವರಿತು, ಹಸಿವಾಯಿತು, ನಿದ್ದೆ ಬಂತು. ಒಂದು ದಿನ ನೋಡಿಕೊಂಡರೆ ಕೈ ನಡುಗುತ್ತಿರಲಿಲ್ಲ. ಸಂತೋಷಕ್ಕೆ ಅವನ ಕಣ್ಣು ತುಂಬಿತು.

ಆದರೆ ಹಿಟ್ಟು ಎಸೆಯುವುದೊಂದೇ ಅವನಿಗೆ ಸಂಕಟ. ಅಕ್ಕಸಾಲಿಗರು ಏನನ್ನೂ ಎಸೆಯುವುದಿಲ್ಲ. ನೆಲ ಗುಡಿಸಿದ ಕಸವನ್ನೂ ತೊಳೆದು ಚಿನ್ನದ ಪುಡಿ ಹುಡುಕುವ ಜನ ಅವರು. ಒಂದು ಬೆಳಿಗ್ಗೆ ಮೃದಂಗ ಎಂದೂ ಇಲ್ಲದಷ್ಟು ಚೆನ್ನಾಗಿ ನುಡಿಯಿತು. ಇಂಥ ಹದ ಮತ್ತೆ ಸಿಗುತ್ತದೋ ಇಲ್ಲವೋ ಎಂದು ಅವನು ಹಿಟ್ಟನ್ನು ಹಾಗೇ ಬಿಟ್ಟು, ಬಟ್ಟೆ ಸುತ್ತಿ, ಮೃದಂಗವನ್ನು ಅಟ್ಟದ ಮೇಲಿಟ್ಟ. ಆ ಹೊತ್ತಿಗೆ ಒಂದು ಮದುವೆಯ ತಾಳಿ ಮಾಡಿಕೊಡುವ ಕೆಲಸ ಬಂದಿತ್ತು. ಎಷ್ಟೋ ವರ್ಷದ ಮೇಲೆ ಒಬ್ಬರು ಅವನನ್ನು ನಂಬಿದ್ದರು. ಕೈ ನೆಟ್ಟಗಾಗಿದೆಯಲ್ಲ, ಇನ್ನು ದಿನಾ ನುಡಿಸುವುದೇಕೆ ಎಂದುಕೊಂಡು ಕೆಲಸಕ್ಕೆ ಕೂತ.

ಹದಿನೈದು ದಿನಕ್ಕೆ ನಡುಕ ಮರಳಿತು. ಮುಹೂರ್ತಕ್ಕೆ ಐದೇ ದಿನ, ತಾಳಿಯ ಬೆಸುಗೆ ಬಾಕಿ. ಗಾಬರಿಯಿಂದ ಮೃದಂಗ ಇಳಿಸಿ ನೋಡಿದರೆ ಹಿಟ್ಟು ಕಲ್ಲಾಗಿತ್ತು. ಕೀಳಹೋದರೆ ಚರ್ಮವೂ ಕಿತ್ತು ಬಂತು. ಅದನ್ನು ಹೊತ್ತುಕೊಂಡು ಹೋಗಿ ವಿದ್ವಾಂಸರ ಮುಂದೆ ನಿಂತ.

“ಅವತ್ತಿನ ನಾದ ಅಷ್ಟು ಚೆನ್ನಾಗಿತ್ತು ಸ್ವಾಮಿ. ಹಾಳಾಗಬಾರ್ದು ಅಂತ ಹಾಗೇ ಇಟ್ಟೆ” ಎಂದ.

ವಿದ್ವಾಂಸರು ಬೈಯಲಿಲ್ಲ. ತಮ್ಮ ಮೃದಂಗವನ್ನು ಅವನ ಕಡೆಗೆ ಸರಿಸಿ, “ರವೆ ಒಳಗಿದೆ. ಕಲಸ್ಕೊಂಡು ಬಾ” ಎಂದರು.

ನಡುಗುವ ಕೈಯಲ್ಲೇ ಕಲಸಿದ. ಅರ್ಧ ನೆಲಕ್ಕೆ ಬಿತ್ತು. ಮೂರು ದಿನ ಹಗಲೆಲ್ಲ ಅಲ್ಲೇ ಕೂತು ನುಡಿಸಿದ. ನಾಲ್ಕನೆಯ ದಿನ ಮಧ್ಯಾಹ್ನ ಕೈಯ ನಡುಕ ನಿಂತಿತು, ಬೆಸುಗೆ ಹಾಕಿದ. ತಾಳಿ ಹೊತ್ತಿಗೆ ಸರಿಯಾಗಿ ಮದುವೆಮನೆ ಸೇರಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದು ನೋಡಿ, “ಆಮೇಲೆ ಅವನ ಕೈ ಮತ್ತೆ ನಡುಗಲೇ ಇಲ್ಲವೇ?” ಎಂದ.

“ಅವನ ಕೈಯ ವಿಚಾರ ಅವನಿಗಿರಲಿ, ನೀನು ಇವತ್ತು ಬೆಳಿಗ್ಗೆ ಧ್ಯಾನಕ್ಕೆ ಕೂತಿದ್ದೆಯಾ?” ಎಂದರು ಗುರುಗಳು.

ಶಿಷ್ಯ ಎದ್ದು ಹೋಗಿ ಧ್ಯಾನಕ್ಕೆ ಕೂತ.