ಕಪ್ತಾನನ ಹರಕೆಗುಡ್ಡ

ಹೊಳೆ ಕಡಲನ್ನು ಸೇರುವ ಕಾಸಳ್ಳಿಯ ಅಳಿವೆಯ ಪಕ್ಕದಲ್ಲಿ ಒಂದು ಬೋಳುಗುಡ್ಡವಿದೆ. ಅದರ ನೆತ್ತಿಯಲ್ಲಿ ಕಡಲಮಾಸ್ತಿ ಅಮ್ಮನ ಗುಡಿ. ಗುಡಿಯೆದುರು ಸಾಲಾಗಿ ಹರಕೆಗಲ್ಲುಗಳು. ಕಡಲಿನಲ್ಲಿ ಸಾಯಬೇಕಾದವನು ಅಮ್ಮನ ದಯೆಯಿಂದ ಬದುಕಿದರೆ, ಕಲ್ಲೊಂದನ್ನು ಹೊತ್ತು ತಂದು ಇಲ್ಲಿ ನೆಡುವುದು ಇಲ್ಲಿನ ಮೀನುಗಾರ ಹರಿಕಂತ್ರರ ಹಳೆಯ ಕ್ರಮ. ಆ ಒರಟು ಕಲ್ಲುಗಳ ನಡುವೆ ಆಳೆತ್ತರದ ಬಿಳಿಗಲ್ಲಿನ ಕಂಬವೊಂದು ಬೇರೆಯಾಗಿ ಕಾಣುತ್ತದೆ. ಅದರ ಮೇಲಿನ ಅಕ್ಷರ ಈ ಸೀಮೆಯದಲ್ಲ. ಗುಡ್ಡಕ್ಕೆ ಹೆಸರು ಬಂದದ್ದು ಆ ಕಂಬದಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಪರಂಗಿ ದೇಶದ ಕಪ್ತಾನನೊಬ್ಬ ಯಾರೂ ಕಾಣದ ಜಲಮಾರ್ಗ ಹುಡುಕುತ್ತ, ಅರ್ಧ ಲೋಕವನ್ನು ಬಳಸಿ ಈ ಅಳಿವೆಗೆ ಬಂದನಂತೆ. ಹಡಗಿನವರ ವಸಡು ಬಾತು ಹಲ್ಲು ಅಲುಗುತ್ತಿದ್ದವು. ಕಪ್ತಾನನಿಗೂ ನಿಲ್ಲುವ ತ್ರಾಣವಿರಲಿಲ್ಲ. ಗುಡಿಯ ದೀಪ ನೋಡಿಕೊಳ್ಳುತ್ತಿದ್ದ ಜಟ್ಟಿ ಹರಿಕಂತ್ರ ಅವರನ್ನು ಗುಡ್ಡದ ಬುಡದ ಬಾವಿಯ ಬಳಿ ಮಲಗಿಸಿದ. ಊರಿಗೆ ಸಿಹಿನೀರು ಅದೊಂದೇ. ಜಟ್ಟಿಯ ಹೆಂಡತಿ ತುಳಸು ಮೂರು ಹೊತ್ತೂ ಮುರುಗಲು ಹುಳಿಯ ಸಾರು ಕುಡಿಸಿದಳು. ಹದಿನೈದು ದಿನಕ್ಕೆ ಎದ್ದು ಓಡಾಡಿದರು. ಹೊರಡುವ ಮುನ್ನ ಹಡಗಿನಿಂದ ಈ ಕಂಬವನ್ನು ಇಳಿಸಿ, ಗುಡ್ಡ ಹತ್ತಿಸಿ, ನೆಟ್ಟು, ಮೊಣಕಾಲೂರಿ ಹಾಡಿದರು. ಜಟ್ಟಿಯ ಕಣ್ಣು ತುಂಬಿತು.

“ಕಂಡ್ಯೇನೇ, ಯಾರೂ ಹೇಳಿಕೊಡದೆ ಹರಕೆ ತೀರಿಸಿದರು,” ಎಂದ.

“ಹಾಡು ಮಾತ್ರ ಸ್ವಲ್ಪ ಉದ್ದವಾಯ್ತು,” ಎಂದಳು ತುಳಸು.

ಅಂದಿನಿಂದ ಜಟ್ಟಿ ಆ ಕಂಬಕ್ಕೂ ಎಣ್ಣೆ ಹಚ್ಚಿ ಕುಂಕುಮವಿಡತೊಡಗಿದ.

ಮೂರು ವರ್ಷ ಕಳೆದು ಕಪ್ತಾನ ತೋಪಿನ ಹಡಗುಗಳೊಂದಿಗೆ ಮರಳಿದ. ಎಣ್ಣೆ ಕುಂಕುಮ ಕಂಡು ಕೆರಳಿ, ದುಭಾಷಿಯ ಬಾಯಿಂದ ಹೇಳಿಸಿದ: “ಇದು ನಮ್ಮ ಅರಸನ ಗುರುತು. ನೆಟ್ಟ ದಿನವೇ ಈ ನೆಲ ಅವನದಾಯಿತು. ಕಂಬವನ್ನು ಕಿತ್ತು ಬಾವಿಯ ಬಳಿ ನೆಡುತ್ತೇವೆ. ಇನ್ನು ನಮ್ಮ ಅಪ್ಪಣೆಯಿಲ್ಲದೆ ಯಾರಿಗೂ ನೀರಿಲ್ಲ.”

ಬಾವಿ ಹೋದರೆ ಊರು ಉಳಿಯುವಂತಿಲ್ಲ. ಆದರೆ ತೋಪಿನೆದುರು ಜಟ್ಟಿಗೆ ತಿಳಿದಿದ್ದದ್ದು ಅಮ್ಮನ ಕ್ರಮವೊಂದೇ.

“ಒಡೆಯಾ, ನಾವು ಹರಕೆ ಅಂತಲೇ ತಿಳಿದಿದ್ದು. ಅಲ್ಲವೆಂದರೆ ಕಿತ್ತುಕೊಳ್ಳಿ, ತಡೆಯಲು ನಮ್ಮ ಹತ್ತಿರ ಎಂತ ಉಂಟು? ಆದರೆ ಇಲ್ಲಿನ ಕಲ್ಲನ್ನು ನೆಟ್ಟವರೇ ಕೀಳಬೇಕು. ಕೀಳುವಾಗ ‘ನನ್ನ ಜೀವ ಇಲ್ಲಿ ಉಳಿದದ್ದಲ್ಲ’ ಎಂದು ಅಮ್ಮನೆದುರು ಹೇಳಬೇಕು.”

ದುಭಾಷಿ ಅದನ್ನು ತಿಳಿಸಿದಾಗ, ಅಂದು ಕಂಬ ಹೊತ್ತಿದ್ದ ನಾಲ್ವರೂ ಹಿಂದೆ ಸರಿದರು. ಒಬ್ಬನು ತುಳಸುವನ್ನು ಕಂಡು ತಲೆ ತಗ್ಗಿಸಿದನಂತೆ. ಕಪ್ತಾನ ತಾನೇ ಮುಂದೆ ಬಂದು ಕಂಬಕ್ಕೆ ಎರಡೂ ಕೈ ಕೊಟ್ಟ. ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಅಮ್ಮ ಅವನ ನಾಲಿಗೆ ಹಿಡಿದಳು ಎನ್ನುವವರಿದ್ದಾರೆ, ನೆನಪು ಹಿಡಿಯಿತು ಎನ್ನುವವರೂ ಇದ್ದಾರೆ. ಎರಡೂ ಅವಳದೇ ಕೆಲಸವಲ್ಲವೆ? ಬಹಳ ಹೊತ್ತಿನ ಮೇಲೆ ಕೈ ತೆಗೆದು, ಟೋಪಿ ಕಳಚಿ, ಗುಡ್ಡ ಇಳಿದ. ಅದೇ ದಿನದ ಕಡಲಿನ ಇಳಿತಕ್ಕೆ ಹಡಗುಗಳು ಹೊರಟುಹೋದವು.

ಇಂದಿಗೂ ಹೋದವರು ಕಂಬದ ಎದೆಮಟ್ಟದಲ್ಲಿ ಅಂಗೈಯಗಲದ ಎರಡು ನುಣುಪು ಜಾಗಗಳನ್ನು ಕಾಣಬಹುದು. ಕೆಳಗಿನ ಬಾವಿಗೆ ಬಾಗಿಲಿಲ್ಲ, ಕಾವಲಿಲ್ಲ. ಕಡಲದಾರಿಯಲ್ಲಿ ಬಂದ ಪರಸ್ಥಳದವರಿಗೆ ನೀರು ಸೇದಿಕೊಟ್ಟ ಮೇಲೆಯೇ ಊರಿನ ಹೆಂಗಸರು ತಮ್ಮ ಕೊಡ ಇಳಿಸುತ್ತಾರೆ.