ಗಾಡಿ ಕಲಿಸಿದ ಮುದುಕ

"ಗುರುಗಳೇ, ಈ ಗ್ರಂಥದಲ್ಲಿರುವುದು ನೂರೇ ಪುಟ. ಪಟ್ಟು ಹಿಡಿದು ಓದಿದರೆ ಹತ್ತು ದಿನಕ್ಕೆ ಮುಗಿಯುತ್ತದೆ. ನೀವು ದಿನಕ್ಕೆ ಒಂದೇ ಪದ್ಯ ಹೇಳುತ್ತೀರಿ. ಏಕೆ?" ಎಂದು ರೇವಣಸಿದ್ಧ ಕೇಳಿದ.

ಪಾಠಕ್ಕೆಂದು ದಿನವೂ ಮಠಕ್ಕೆ ಬರುತ್ತಿದ್ದವನು ಅವನೊಬ್ಬನೇ. ಉಳಿದವರು ಕಲಿತು ಹೋಗಿದ್ದರು. ಗುರುಗಳು ಪುಸ್ತಕ ಮುಚ್ಚಿಟ್ಟು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ನಲವತ್ತು ವರ್ಷ ಗಾದಿಯ ಮೇಲೆ ಕೂತು ಮಾತಾಡಿದವನು. ಸೀರೆ ಬಿಚ್ಚಿ ತೋರಿಸುವಾಗ ಮಾತು, ಮಡಿಸಿಡುವಾಗ ಮಾತು, ಗಿರಾಕಿ ಬರಿಗೈಯಲ್ಲಿ ಹೊರಟರೆ ಇನ್ನಷ್ಟು ಮಾತು. ಮದುವೆ ಮಾಡಿಕೊಂಡಿರಲಿಲ್ಲ. ಅರವತ್ತು ತುಂಬಿದಾಗ ಅಂಗಡಿಯನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿದ. ಇನ್ನು ಯಾರ ಮಾತೂ ಕಿವಿಗೆ ಬೀಳದ ಕಡೆ ಇರಬೇಕು ಎಂದು ನಿಶ್ಚಯಿಸಿ ಒಂದು ಕ್ಯಾರವಾನ್ ಹುಡುಕಿದ. ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಒಳಗೇ ಇರುವ ಗಾಡಿ ಅದು. ದೂರದ ಊರಿನ ಮುದುಕನೊಬ್ಬನ ಬಳಿ ಹಳೆಯದೊಂದು ಮಾರಾಟಕ್ಕಿದೆ ಎಂದು ತಿಳಿಯಿತು. ಹೋಗಿ ನೋಡಿ ಕೊಂಡುಕೊಂಡ.

ಗಾಡಿ ಓಡಿಸುವುದು ಅವನಿಗೆ ಬರುತ್ತಿತ್ತು. ಅದರೊಳಗೆ ಬದುಕುವುದು ಬರುತ್ತಿರಲಿಲ್ಲ. ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ದೀಪ ಯಾವುದರಿಂದ ಉರಿಯುತ್ತದೆ, ಪಾತ್ರೆ ತೊಳೆದ ನೀರು ಎಲ್ಲಿ ಹೋಗಿ ನಿಲ್ಲುತ್ತದೆ, ಒಂದೂ ತಿಳಿಯದು.

"ನಾನು ಕಲಿಸಿಕೊಡುತ್ತೇನೆ ಸಾಹುಕಾರರೇ. ನಾಲ್ಕು ದಿನ ಇಲ್ಲೇ ಇರಿ," ಎಂದ ಮುದುಕ. ವ್ಯಾಪಾರಿ ಊರ ಛತ್ರದಲ್ಲಿ ಇಳಿದುಕೊಂಡ.

ಮೊದಲ ದಿನ ನೀರಿನ ಪಾಠ. ಮುದುಕ ಗಾಡಿಯೊಳಗಿನ ಬೆಂಚಿನ ಹಲಗೆ ಎತ್ತಿ ಟ್ಯಾಂಕು ತೋರಿಸಿದ. ಪಕ್ಕದಲ್ಲೇ ಮುಷ್ಟಿಗಾತ್ರದ ಪಂಪು. ಟ್ಯಾಂಕು ಬರಿದಾದರೆ ಪಂಪಿನ ಸದ್ದು ಬದಲಾಗುತ್ತದೆ. ಆಗ ಆರಿಸದಿದ್ದರೆ ಸುಟ್ಟುಹೋಗುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದರೆ ಕೊನೆಯ ನಲ್ಲಿಯನ್ನು ಪೂರ್ತಿ ಬಿಟ್ಟು ಕಾಯಬೇಕು. ಮುದುಕ ಬಿಟ್ಟು ತೋರಿಸಿದ. ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ನೀರು ಸುರಿಯಿತು.

"ಬಂತು ನೋಡಿ," ಎಂದು ಮುದುಕ ಅವನ ಮುಖ ನೋಡಿದ.

ಪಾಠ ಒಂದೇ ಗಂಟೆಯಲ್ಲಿ ಮುಗಿಯಿತು. ಇಂದಿಗೆ ಇಷ್ಟು ಸಾಕು ಎಂದ ಮುದುಕ ಚಹಾ ಮಾಡಿ ಕೊಟ್ಟ. ತಾನು ಆ ಗಾಡಿಯಲ್ಲಿ ಕಂಡ ಊರುಗಳನ್ನು ಒಂದೊಂದಾಗಿ ಹೇಳುತ್ತ ಸಂಜೆ ಮಾಡಿದ.

ಎರಡನೆಯ ದಿನ ಬ್ಯಾಟರಿ. ಎಂಜಿನ್ನಿಗೆ ಒಂದು, ಒಳಗಿನ ಮನೆಗೆ ಒಂದು. ನಡುವೆ ಒಂದು ಸ್ವಿಚ್ಚು. ಗಾಡಿ ನಿಂತಾಗ ಎರಡನ್ನೂ ಬೇರೆ ಮಾಡದಿದ್ದರೆ ದೀಪ, ಫ್ಯಾನು ಸೇರಿ ಎಂಜಿನ್ನಿನ ಪಾಲನ್ನೂ ತಿಂದುಬಿಡುತ್ತವೆ. ಬೆಳಿಗ್ಗೆ ಗಾಡಿ ಏಳುವುದಿಲ್ಲ. ಇದಕ್ಕೆ ಅರ್ಧ ಗಂಟೆ ಸಾಕಾಯಿತು. ಮತ್ತೆ ಚಹಾ, ಮತ್ತೆ ಊರುಗಳು, ಮತ್ತೆ "ನಾಳೆ ಬನ್ನಿ."

ವ್ಯಾಪಾರಿಗೆ ಅನುಮಾನ ಬಂತು. ಸರಕಿನಲ್ಲಿ ಹರಕು ಇದ್ದರೆ ಮಾರುವವನು ಮಾತು ಬೆಳೆಸುತ್ತಾನೆ. ಇದು ಅವನಿಗೆ ಚೆನ್ನಾಗಿ ಗೊತ್ತು. ತಾನೂ ಹಾಗೆ ಮಾಡಿದವನೇ.

ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೇ ಬಂದು ಗಾಡಿಯ ಪ್ರತಿಯೊಂದು ಮುಚ್ಚಳವನ್ನೂ ತೆಗೆದು ನೋಡಿದ. ಗ್ಯಾಸಿನ ಕೊಳವೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಿದ. ಗಾಡಿಯ ಅಡಿಗೆ ತೆವಳಿ, ಕೊಳಕು ನೀರು ಹೊರಬಿಡುವ ತಿರುಪನ್ನು ಕಂಡುಹಿಡಿದ. ಎಲ್ಲಿಯೂ ದೋಷವಿರಲಿಲ್ಲ. ಅಷ್ಟರಲ್ಲಿ ಮುದುಕ ಫ್ಲಾಸ್ಕು, ಎರಡು ಲೋಟ ಹಿಡಿದು ಬಂದ.

"ಯಜಮಾನರೇ, ನನಗೆ ಎಲ್ಲ ತಿಳಿಯಿತು. ನೀವು ಸುಮ್ಮನೆ ತೊಂದರೆ ತೆಗೆದುಕೊಳ್ಳಬೇಡಿ. ಈಗಲೇ ಹೊರಡುತ್ತೇನೆ," ಎಂದ ವ್ಯಾಪಾರಿ.

ಮುದುಕ ಎರಡು ಲೋಟಗಳನ್ನೂ ಒಂದರೊಳಗೊಂದು ಇಟ್ಟ. "ಗ್ಯಾಸು ನೋಡಿದಿರಾ?" ಎಂದ. ನೋಡಿದೆ ಎಂದ ವ್ಯಾಪಾರಿ. "ಹಾಗಾದರೆ ಸರಿ," ಎಂದು ಮುದುಕ ದಾರಿ ಬಿಟ್ಟ.

ವ್ಯಾಪಾರಿ ಬಯಸಿದ್ದು ಸಿಕ್ಕಿತು. ಹಿನ್ನೀರಿನ ದಂಡೆ, ಬಯಲು, ಗುಡ್ಡದ ನೆತ್ತಿ, ಎಲ್ಲಿ ಮನುಷ್ಯರಿಲ್ಲವೋ ಅಲ್ಲಿ ಗಾಡಿ ನಿಲ್ಲಿಸಿದ. ಮೊದಲ ತಿಂಗಳು ಮೌನ ಹಿತವಾಗಿತ್ತು. ಎರಡನೆಯ ತಿಂಗಳು ಒಬ್ಬನಿಗೆ ಅನ್ನ ಮಾಡುವುದು, ಒಂದು ತಟ್ಟೆ ತೊಳೆಯುವುದು ದೊಡ್ಡ ಕೆಲಸವಾಗಿ ಕಂಡಿತು. ಊಟವಾಯಿತೇ ಎಂದು ಕೇಳುವವರಿರಲಿಲ್ಲ. ಆಗದಿದ್ದರೂ ನಡೆಯುತ್ತಿತ್ತು. ಗಾಡಿ ಒಮ್ಮೆಯೂ ಕೆಡಲಿಲ್ಲ. ಕೆಟ್ಟಿದ್ದರೆ ಯಾರನ್ನಾದರೂ ಕರೆಯಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಟ್ಯಾಂಕು ತುಂಬಿಸಿ ಪಂಪು ಹಾಕಿದರೆ ನೀರು ಬರಲಿಲ್ಲ. ಗಾಳಿ ಸೇರಿಕೊಂಡಿದೆ ಎಂದು ಅವನಿಗೆ ತಿಳಿಯಿತು. ಕೊನೆಯ ನಲ್ಲಿಯನ್ನು ಪೂರ್ತಿ ಬಿಟ್ಟು ಕಾದ. ನಲ್ಲಿ ಕೆಮ್ಮಿತು, ಉಗುಳಿತು, ನೀರು ಸುರಿಯಿತು.

"ಬಂತು ನೋಡಿ," ಎಂದ ವ್ಯಾಪಾರಿ.

ಎಷ್ಟೋ ದಿನಗಳ ಮೇಲೆ ಕೇಳಿದ ತನ್ನ ದನಿಗೆ ತಾನೇ ಬೆಚ್ಚಿ ಹಿಂದಿರುಗಿ ನೋಡಿದ. ಬೆಂಚು ಇತ್ತು, ಹಾಸಿಗೆ ಇತ್ತು, ಕಿಟಕಿ ಇತ್ತು. ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತೇ ಇದ್ದ. ಪಂಪಿನ ಸದ್ದು ಬದಲಾದಾಗ ಎಚ್ಚರವಾಗಿ ಆರಿಸಿದ. ಒಂದು ಮುಂಜಾನೆಯ ಪಾಠಕ್ಕೆ ನಾಲ್ಕು ದಿನ ಏಕೆ ಬೇಕಾಗಿತ್ತು ಎಂಬುದು ಅವನಿಗೆ ಆಗ ತಿಳಿಯಿತು.

ಮೂರು ದಿನ ಗಾಡಿ ಓಡಿಸಿ ಮುದುಕನ ಊರಿಗೆ ಬಂದ. ಮುದುಕ ಜಗಲಿಯ ಮೇಲೆ ಒಬ್ಬನೇ ಕೂತಿದ್ದ.

"ಯಜಮಾನರೇ, ಪಂಪು ಯಾಕೋ ಸರಿಯಿಲ್ಲ. ಒಂದಿಷ್ಟು ನೋಡಬೇಕು," ಎಂದ ವ್ಯಾಪಾರಿ.

ಮುದುಕ ಗಾಡಿ ಹತ್ತಿ, ಬೆಂಚಿನ ಹಲಗೆ ಎತ್ತಿ, ಪಂಪು ಹಾಕಿ ಬಹಳ ಹೊತ್ತು ಕಿವಿಗೊಟ್ಟು ಕೇಳಿದ. ಅದು ಸರಿಯಾಗಿಯೇ ಓಡುತ್ತಿತ್ತು. ಮುದುಕ ತಲೆ ಎತ್ತಿ ವ್ಯಾಪಾರಿಯನ್ನು ನೋಡಿದ.

"ಇದು ಒಂದು ದಿನಕ್ಕೆ ಆಗುವ ಕೆಲಸವಲ್ಲ," ಎಂದ.

"ನನಗೂ ಹಾಗೇ ಅನ್ನಿಸಿತು," ಎಂದು ವ್ಯಾಪಾರಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

ಗುರುಗಳು ಕತೆ ನಿಲ್ಲಿಸಿ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ರೇವಣಸಿದ್ಧ, "ಕತೆ ತಿಳಿಯಿತು. ಆದರೆ ನನ್ನ ಪ್ರಶ್ನೆಗೆ ಉತ್ತರವಾಗಲಿಲ್ಲ ಗುರುಗಳೇ," ಎಂದ.

"ನಾಳೆಯ ಪದ್ಯ ತೀರ ಚಿಕ್ಕದು, ಆದರೂ ಬಾ," ಎಂದರು ಗುರುಗಳು.

ಹೊರಡಲು ಎದ್ದಿದ್ದ ರೇವಣಸಿದ್ಧ ಮತ್ತೆ ಕೂತ.