ಹನ್ನೊಂದು ಮರಿ, ಒಂದೇ ಕಷಾಯ

ಸಣ್ಣೋಬವ್ವನ ಕೋಳಿ ಹನ್ನೊಂದು ಮರಿ ಮಾಡಿತು. ಮರುದಿನವೇ ತಾಯಿಕೋಳಿಯನ್ನು ನಾಯಿ ಕಚ್ಚಿಕೊಂಡು ಹೋಯಿತು. ಸಣ್ಣೋಬವ್ವ ಕೋಳಿ ಸಾಕಿದ್ದು ಅದೇ ಮೊದಲು. ಅಗಲವಾದ ಒಂದು ಬಿದಿರಿನ ಮಂಕರಿಯ ತಳಕ್ಕೆ ಗೊಬ್ಬರದ ನುಣುಪು ಚೀಲ ಹಾಸಿ, ಮರಿಗಳನ್ನು ಅದರೊಳಗೆ ಬಿಟ್ಟು ಬಾಗಿಲ ಪಕ್ಕ ಇಟ್ಟುಕೊಂಡಳು. ನುಚ್ಚು ಹಾಕಿದಳು, ತಟ್ಟೆಯಲ್ಲಿ ನೀರಿಟ್ಟಳು.

ಮೂರನೇ ದಿನ ಬೆಳಿಗ್ಗೆ ನೋಡುತ್ತಾಳೆ, ಮರಿಗಳು ರೆಕ್ಕೆ ಇಳಿಬಿಟ್ಟುಕೊಂಡು ಮಂಕಾಗಿ ನಿಂತಿವೆ. ಅರಿಶಿನ, ಮೆಣಸು, ಬೆಳ್ಳುಳ್ಳಿ ಕುದಿಸಿ ಕುಡಿಸು ಎಂದು ಯಾರೋ ಹೇಳಿದರು. ಸಣ್ಣೋಬವ್ವ ತಡಮಾಡಲಿಲ್ಲ. ಒಂದೊಂದೇ ಮರಿಯ ಕೊಕ್ಕು ಬಿಡಿಸಿ ಕಷಾಯ ಹುಯ್ದಳು. ಎರಡು ಮರಿ ಉಸಿರು ಸಿಕ್ಕಿಕೊಂಡು ಅವಳ ಅಂಗೈಯಲ್ಲೇ ಸತ್ತವು.

ಅವಳು ಅಳುತ್ತಾ ಮೇಲಿನ ಕೇರಿಯ ತಿಪ್ಪಜ್ಜಿಯ ಹತ್ತಿರ ಓಡಿದಳು. ನಲವತ್ತು ವರ್ಷದಿಂದ ಕೋಳಿ ಸಾಕುತ್ತ ಬಂದ ಮುದುಕಿ ಅವಳು.

"ಅಜ್ಜಿ, ಮರಿಗಳಿಗೆ ಕಾಯಿಲೆ. ಏನಾದ್ರೂ ಔಷಧಿ ಕೊಡು."

"ಎಂಥ ಕಾಯಿಲೆ?"

"ಮಂಕಾಗವೆ."

"ಯಾವ ಮರಿಗೆ ಏನಾಗೈತೆ?"

ಸಣ್ಣೋಬವ್ವ ಅದನ್ನು ನೋಡಿಯೇ ಇರಲಿಲ್ಲ.

"ಹೋಗವ್ವಾ, ಮಂಕರಿ ಮುಂದೆ ಕೂತ್ಕೋ. ಕೈ ಹಾಕಬೇಡ, ಬರೀ ನೋಡು. ಕಂಡಿದ್ದನ್ನ ಬಂದು ಹೇಳು."

ಮರಿಗಳು ಸಾಯುತ್ತಿರುವಾಗ ಕೂತು ನೋಡುವುದೇ ಎಂದು ಸಣ್ಣೋಬವ್ವನಿಗೆ ಸಿಟ್ಟು ಬಂತು. ಆದರೂ ಹೋಗಿ ಕೂತಳು.

ಮೊದಲು ಅವಳಿಗೆ ಕಂಡಿದ್ದು ಹಳದಿ ತುಪ್ಪಳ ಮಾತ್ರ. ಸ್ವಲ್ಪ ಹೊತ್ತಿಗೆ ಒಂದೊಂದು ಮರಿಯೂ ಬೇರೆ ಬೇರೆಯಾಗಿ ಕಾಣತೊಡಗಿತು. ಇದೇನು, ಈ ಮರಿ ಮತ್ತೆ ಮತ್ತೆ ತಿಣುಕುತ್ತಿದೆ? ಅದರ ಹಿಂಭಾಗದಲ್ಲಿ ಹಿಕ್ಕೆ ಒಣಗಿ ಬಿರಡೆಯಂತೆ ಅಂಟಿಕೊಂಡಿತ್ತು. ಇನ್ನೊಂದು ಏಳಲು ಹೋದಾಗಲೆಲ್ಲ ಅದರ ಎರಡು ಕಾಲೂ ಚೀಲದ ಮೇಲೆ ಜಾರಿ ಅತ್ತಿತ್ತ ಹೋಗುತ್ತಿದ್ದವು. ಉಳಿದವು ಒಂದರ ಮೇಲೊಂದು ಹತ್ತಿ ಒಂದೇ ಮೂಲೆಗೆ ಒತ್ತಿಕೊಂಡಿದ್ದವು. ಆ ಮೂಲೆಯಲ್ಲೇ ಯಾಕೆ? ಎದುರುಗಡೆ ಕೈಯಿಟ್ಟು ನೋಡಿದಳು. ಬಾಗಿಲ ಸಂದಿಯಿಂದ ಗಾಳಿ ಸುಯ್ಯನೆ ಬರುತ್ತಿತ್ತು.

ಈ ಸಲ ಅವಳು ಓಡಿದ್ದು ಅಳುತ್ತಾ ಅಲ್ಲ. ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಚಳಿಗೆ ಏನು ಮಾಡ್ತೀಯ?" ಅಜ್ಜಿ ಕೇಳಿದಳು.

"ಸಂದಿ ಮುಚ್ಚಿ, ಮೇಲೊಂದು ಬಲ್ಬು ಇಳಿಬಿಡ್ತೀನಿ. ಕಾವು ಜಾಸ್ತಿ ಆದ್ರೆ ದೂರ ಸರಿಯೋಕೆ ಅವಕ್ಕೆ ಜಾಗ ಬಿಡ್ತೀನಿ."

"ಕಾಲು ಜಾರೋದಕ್ಕೆ?"

"ಚೀಲ ತೆಗೆದು ಗೋಣಿತಟ್ಟು ಹಾಸ್ತೀನಿ."

"ಎಲ್ಲಾ ನಿಂಗೇ ಗೊತ್ತಲ್ಲ!" ಎಂದು ನಗುತ್ತಾ ಅಜ್ಜಿ ಕೋಲು ಹಿಡಿದು ಅವಳ ಜೊತೆಗೇ ಹೊರಟಳು.

ಅಂಟಿದ ಹಿಕ್ಕೆಯನ್ನು ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ಅದಕ್ಕೇ ಅಜ್ಜಿ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ನೆನೆಸಿ ನೆನೆಸಿ ಒರೆಸುವುದನ್ನು ತೋರಿಸಿದಳು. ಆಮೇಲೆ ಚೆನ್ನಾಗಿ ಒಣಗಿಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದಳು. ಕಾಲು ಅಗಲಿಸುವ ಮರಿಗೆ ಮೆತ್ತನೆ ಬಟ್ಟೆಪಟ್ಟಿಯಿಂದ ಎರಡೂ ಕಾಲನ್ನು ಅಷ್ಟಿಷ್ಟು ಅಂತರ ಬಿಟ್ಟು ಸಡಿಲವಾಗಿ ಕಟ್ಟಿದಳು. ಬಲ್ಬಿನ ಕಾವಿಗೆ ಉಳಿದವು ಮೂಲೆ ಬಿಟ್ಟು ಹರಡಿಕೊಂಡವು.

ಒಂದು ಮರಿ ಮಾತ್ರ ನೀರಿನ ಪಕ್ಕದಲ್ಲೇ ನಿಂತು ತೂಕಡಿಸುತ್ತಿತ್ತು. ಹಿಂಭಾಗ ಚೊಕ್ಕಟವಾಗಿತ್ತು, ಕಾಲು ನೆಟ್ಟಗಿದ್ದವು, ಬೆಚ್ಚಗೂ ಇತ್ತು.

"ಇದಕ್ಕೇನಜ್ಜಿ?"

"ನಂಗೂ ತಿಳೀವಲ್ದು," ಎಂದಳು ತಿಪ್ಪಜ್ಜಿ. "ಜರಗು, ನಾನೂ ಕೂತ್ಕೊತೀನಿ."

ಇಬ್ಬರೂ ಮಂಕರಿಗೆ ತಲೆ ಬಗ್ಗಿಸಿ ಕೂತರು. ಅಷ್ಟರಲ್ಲಿ ಸಣ್ಣೋಬವ್ವ ಮೆಲ್ಲಗೆ ಅಂದಳು, "ಅಜ್ಜಿ, ನೋಡಿಲ್ಲಿ. ಅದು ತಟ್ಟೆ ಅಂಚನ್ನ ಕುಟುಕ್ತೈತೆ, ನೀರನ್ನಲ್ಲ. ಅದಕ್ಕೆ ನೀರು ಅಂದ್ರೇನು ಅಂತಾನೇ ಗೊತ್ತಿಲ್ಲ! ತೋರಿಸಿಕೊಡೋಕೆ ತಾಯಿ ಇಲ್ವಲ್ಲ."

ಅವಳು ಮರಿಯನ್ನು ಎತ್ತಿ, ಮೂಗಿನ ತೂತಿಗೆ ನೀರು ಹೋಗದ ಹಾಗೆ ಕೊಕ್ಕಿನ ತುದಿಯನ್ನಷ್ಟೇ ಅದ್ದಿದಳು. ಮರಿ ಬೆಚ್ಚಿತು. ತಲೆ ಮೇಲೆತ್ತಿ ಗುಟುಕರಿಸಿತು. ಮತ್ತೆ ತಾನಾಗಿಯೇ ಬಗ್ಗಿತು.

"ನಲವತ್ತು ವರ್ಷ ಆಯ್ತು. ನಂಗೆ ಕಾಣದ್ದು ನಿಂಗೆ ಕಾಣಿಸ್ತು ನೋಡು," ಎಂದಳು ಅಜ್ಜಿ.

ತಿಣುಕುತ್ತಿದ್ದ ಮರಿ ಸಂಜೆಗೆ ತೀರಿಕೊಂಡಿತು. ಅದಕ್ಕೆ ಕೈ ಹಚ್ಚುವ ಹೊತ್ತಿಗೇ ತಡವಾಗಿತ್ತು. ಸಣ್ಣೋಬವ್ವ ಅದನ್ನು ಹಿತ್ತಲಲ್ಲಿ ಮಣ್ಣು ಮಾಡಿ ಬಂದು, ಮತ್ತೆ ಮಂಕರಿಯ ಮುಂದೆ ಕೂತಳು. ನಾಲ್ಕು ದಿನಕ್ಕೆ ಕಾಲಿನ ಪಟ್ಟಿ ಬಿಚ್ಚಿದಳು. ಎಂಟು ಮರಿಗಳೂ ಅಂಗಳಕ್ಕೆ ಇಳಿದು ಕೆದಕತೊಡಗಿದವು.

ನೀತಿ: ಔಷಧಿ ಹುಡುಕುವ ಮೊದಲು ನೋವನ್ನು ಹುಡುಕಬೇಕು. ಎಲ್ಲರ ಸಂಕಟವೂ ಒಂದೇ ಎಂದುಕೊಂಡು ಮಾಡುವ ಉಪಕಾರ ಕೆಲವೊಮ್ಮೆ ಜೀವವನ್ನೇ ತೆಗೆಯುತ್ತದೆ. ತಾಳ್ಮೆಯಿಂದ ನೋಡುವ ಕಣ್ಣು ಜೀವ ಉಳಿಸುತ್ತದೆ.